ಐದು ನಿಮಿಷದ ಕಡಲು

ಕಾಸೋಸ್ ದ್ವೀಪದ ಪುಟ್ಟ ವಿಮಾನ ನಿಲ್ದಾಣದಲ್ಲಿ ಮಿನಾಸ್ ಇಪ್ಪತ್ತಾರು ವರ್ಷಗಳಿಂದ ಪ್ರಯಾಣಿಕರ ಪೆಟ್ಟಿಗೆಗಳನ್ನು ಏರಿಸಿ ಇಳಿಸುತ್ತಿದ್ದ. ಎದುರಿನ ಕಾರ್ಪಾಥೋಸ್ ದ್ವೀಪಕ್ಕೆ ಹಾರಲು ಐದೇ ನಿಮಿಷ. ಹೆಂಡತಿ ಅನೆಜೀನಾ ಜಗಳವಾಡಿ, ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಅಲ್ಲಿನ ತವರಿಗೆ ಹೊರಟಾಗ ಅವರ ಪೆಟ್ಟಿಗೆಯನ್ನೂ ಅವನೇ ಏರಿಸಿದ್ದ. ಹೋದವಳು ತಾನಾಗಿ ಬರಲಿ ಎಂದು ಹಟ ಹಿಡಿದು ಕುಳಿತ. ಹದಿನೈದು ವರ್ಷ ಕಳೆದರೂ ಆ ಕಡಲನ್ನು ದಾಟಲಿಲ್ಲ. ಮಗಳು ರಿಗೋಪೂಲಾ ಮಾತ್ರ ಬೇಸಿಗೆಯಲ್ಲಿ ಬಂದು ಹೋಗುತ್ತಿದ್ದಳು.

ಆಗಸ್ಟ್‌ನಲ್ಲಿ ಅವಳ ಫೋನ್ ಬಂತು.

"ಅಪ್ಪಾ, ಭಾನುವಾರ ಹನ್ನೊಂದಕ್ಕೆ ನನ್ನ ಮದುವೆ. ಚರ್ಚಿಗೆ ಕೈ ಹಿಡ್ಕೊಂಡು ನೀನೇ ಕರ್ಕೊಂಡು ಹೋಗ್ಬೇಕು. ಅಮ್ಮನ ತಮ್ಮ ಸಕೆಲ್ಲಾರಿಸ್ ಮಾವ ನಾನಿದೀನಿ ಅಂತಾನೆ, ನಾನೇ ಬೇಡ ಅಂದೆ."

ಮಿನಾಸ್ ಕಪ್ಪು ಸೂಟು ಹೊಲಿಸಿದ. ಶನಿವಾರ ಕಾಫಿ ಅಂಗಡಿಯ ಫೂಲಾ ಅವನನ್ನು ತಡೆದಳು.

"ಇವತ್ತೇ ಹಡಗು ಹತ್ತೋ ಮಾರಾಯ. ಗಾಳಿ ಏಳ್ತಾ ಇದೆ. ನಾಳೆ ವಿಮಾನಾನ ನಂಬಬೇಡ."

"ಐದು ನಿಮಿಷದ ದಾರಿಗೆ ಆ ಹೆಂಗಸಿನ ಊರಲ್ಲಿ ಒಂದು ರಾತ್ರಿ ಕಳೀಬೇಕಾ?"

"ನಿನ್ನ ಜಂಭ ಇದೆಯಲ್ಲ, ಅದು ವಿಮಾನಕ್ಕಿಂತ ಮೇಲೇ ಹಾರುತ್ತೆ!"

ಭಾನುವಾರ ಹತ್ತು ಗಂಟೆಗೆ ವಿಮಾನ ಎದ್ದಿತು. ಕಾರ್ಪಾಥೋಸ್ ಬಂದೂ ಬಿಟ್ಟಿತು. ಕಿಟಕಿಯಿಂದ ಬಿಳಿ ಚರ್ಚು ಕಂಡಿತು, ಅಂಗಳದಲ್ಲಿ ಸೇರಿದ ಜನರೂ ಕಂಡರು. ಆದರೆ ಅಡ್ಡಗಾಳಿ ವಿಮಾನವನ್ನು ಎತ್ತಿ ಕುಕ್ಕುತ್ತಿತ್ತು. ಪೈಲಟ್ ಎರಡು ಸಲ ಇಳಿಸಲು ನೋಡಿದ. ಆಗಲಿಲ್ಲ. ಅಷ್ಟರಲ್ಲಿ ಕಾಸೋಸ್‌ನಲ್ಲೂ ಗಾಳಿ ಜೋರಾಗಿ, ಅಲ್ಲಿಗೆ ಮರಳುವಂತೆಯೂ ಇರಲಿಲ್ಲ. ಕೊನೆಗೆ ದೂರದ ರೋಡ್ಸ್ ದ್ವೀಪಕ್ಕೆ ತಿರುಗಿಸಿದ.

ಮಧ್ಯಾಹ್ನ ಅಲ್ಲಿಂದ ಮಿನಾಸ್ ಫೋನ್ ಮಾಡಿದ. ಆ ಕಡೆ ಪಿಟೀಲು, ಗದ್ದಲ.

"ಒಂದು ಗಂಟೆ ಕಾದ್ವಿ ಅಪ್ಪ. ಪಾದ್ರಿಗಳಿಗೆ ಇನ್ನೊಂದು ಮದುವೆ ಇತ್ತು. ಕೊನೆಗೆ ಮಾವನೇ ಕೈ ಹಿಡಿದ."

"ನಾನು ನಿನ್ನ ತಲೆ ಮೇಲೇ ಇದ್ದೆ ಮಗಳೇ."

"ಗೊತ್ತು. ಸದ್ದು ಕೇಳಿ ಎಲ್ಲರೂ ಮೇಲೆ ನೋಡಿದ್ವಿ. ನಿನ್ನೆ ಹಡಗಿತ್ತಲ್ಲ ಅಪ್ಪ?"

ನಾಳೆ ಗಂಡನ ಜೊತೆ ದೂರದ ಪಿರೇಯಸ್ ಪಟ್ಟಣಕ್ಕೆ ಹೊರಡುತ್ತೇನೆ, ಅಲ್ಲೇ ಸಂಸಾರ ಎಂದು ಹೇಳಿ ಅವಳು ಫೋನ್ ಇಟ್ಟಳು.

ಗಾಳಿ ನಿಂತು ವಿಮಾನ ಹೊರಟಿದ್ದು ಮಂಗಳವಾರ. ಕಾಸೋಸ್‌ಗೆ ಹೋಗುವ ದಾರಿಯಲ್ಲಿ ಅದು ಕಾರ್ಪಾಥೋಸ್‌ನಲ್ಲಿ ನುಣ್ಣಗೆ ಇಳಿಯಿತು. ಪರಿಚಾರಕಿ ಬಂದು, "ನಿಮ್ಮ ಟಿಕೆಟ್ ಇಲ್ಲೀವರೆಗೆ ಅಲ್ವಾ? ಇಳೀರಿ" ಎಂದಳು.

"ಇಲ್ಲಿದ್ದವಳು ನಿನ್ನೆ ಹೊರಟುಹೋದ್ಲು ತಾಯಿ. ನನ್ನನ್ನ ಊರಿಗೆ ಬಿಡಿ."

ಅನೆಜೀನಾಳ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು. ಅವನು ಬೆಲ್ಟು ಬಿಚ್ಚಲೇ ಇಲ್ಲ.

ಕಾಸೋಸ್‌ನಲ್ಲಿ ಇಳಿದಾಗ ಪೆಟ್ಟಿಗೆ ಇಳಿಸಲು ಬೇರೆ ಯಾರೂ ಇರಲಿಲ್ಲ. ಮಿನಾಸ್ ಮದುವೆಯ ಕೋಟನ್ನು ತೆಗೆದು ಬೇಲಿಗೆ ನೇತುಹಾಕಿ ಕೆಲಸಕ್ಕೆ ಕೈಹಚ್ಚಿದ.