ಬಲಗಡೆಯ ಗಡ್ಡೆ

ನಾಲೆಯ ನೀರು ಬಂದು ಹೊಲಗಳೆಲ್ಲ ಗದ್ದೆಯಾದ ಮೇಲೆ ಯಲಿಯೂರಿನ ಸುತ್ತ ಚಳಿಜ್ವರ ಮನೆಮನೆಗೂ ನುಗ್ಗಿತ್ತು. ಜ್ವರ ಹಳೆಯದಾದರೆ ಹೊಟ್ಟೆಯ ಎಡಗಡೆ ಗಡ್ಡೆ. ಗಡ್ಡೆಗೆ ಹುಚ್ಚೀರಯ್ಯನ ಬರೆ. ಕುಡುಗೋಲು ಕೆಂಪಗೆ ಕಾಯಿಸಿ ಮೂರು ಗೆರೆ ಎಳೆದನೆಂದರೆ ಗಡ್ಡೆ ಕರಗುತ್ತದೆಂದು ಊರಿಗೆ ಊರೇ ಅವನ ಕೈಗುಣ ಹೊಗಳುತ್ತಿತ್ತು. ಅವನೂ ಅದನ್ನು ನಂಬಿಬಿಟ್ಟಿದ್ದ, ಅದೇ ಗ್ರಹಚಾರ.

ಮಗಳು ಮಂಚಮ್ಮನ ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕಾಗ ಅವನು ಹಿಂದುಮುಂದು ನೋಡಲಿಲ್ಲ. ಅದು ಬಲಗಡೆ ಇತ್ತು. ಜ್ವರವೂ ಬಂದಿರಲಿಲ್ಲ. ಗಡ್ಡೆ ಗಡ್ಡೆಯೇ ಎಂದುಕೊಂಡು ಮೂರು ಬರೆ ಎಳೆದ. ಹುಡುಗಿ ಸೆರಗು ಕಚ್ಚಿಕೊಂಡು ಸುಮ್ಮನೆ ಮಲಗಿದ್ದಳು.

ಬರೆ ಕೀವು ಕಟ್ಟಿತು. ಗಡ್ಡೆ ಕರಗಲಿಲ್ಲ. ಗಾಡಿ ಕಟ್ಟಿಸಿ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದರೆ, ಡಾಕ್ಟರು ಮುಟ್ಟಿ ನೋಡಿ ಹಣೆ ಚಚ್ಚಿಕೊಂಡರು.

"ಇದು ಜ್ವರಗಡ್ಡೆ ಅಲ್ಲಯ್ಯ, ಲಿವರಿನ ಮೇಲೆ ಬೆಳೆದಿರೋದು. ಕೆಟ್ಟ ಗಡ್ಡೆ ಇದ್ದ ಹಾಗಿಲ್ಲ, ಕೊಯ್ದು ತೆಗೆದರೆ ಹುಡುಗಿ ಬದುಕುತ್ತಾಳೆ. ಆದರೆ ನಾನು ಕತ್ತಿ ಇಡಬೇಕಾದ ಜಾಗದಲ್ಲೇ ನೀನು ಸುಟ್ಟಿದ್ದೀಯ. ಕೀವಿನ ಮೇಲೆ ಕೊಯ್ದರೆ ಹೊಟ್ಟೆಯೆಲ್ಲ ಕೊಳೆಯುತ್ತೆ. ಗಾಯ ಒಣಗಲಿ, ಹದಿನೈದು ದಿನ. ಅಷ್ಟರಲ್ಲಿ ಗಡ್ಡೆ ಒಳಗೇ ಒಡೆಯದಿದ್ದರೆ ನಿನ್ನ ಪುಣ್ಯ."

"ಬುದ್ಧಿ, ನನ್ ಚರ್ಮ ಸುಲ್ದು ಅವ್ಳಿಗಾಕಿ, ಇವತ್ತೇ ಕುಯ್ದ್‌ಬುಡಿ" ಎಂದು ಹುಚ್ಚೀರಯ್ಯ ಕಾಲಿಗೆ ಬಿದ್ದ. ಅದೆಲ್ಲ ಆಗುವ ಮಾತಲ್ಲ ಎಂದರು ಅವರು.

ದಿನಾ ಬೆಳಗ್ಗೆ ನರ್ಸಮ್ಮ ಗಾಯದ ಪಟ್ಟಿ ಬಿಚ್ಚುವಾಗ ಅವನು ಬಗ್ಗಿ ನೋಡುತ್ತಿದ್ದ. ಒಂದು ಗೆರೆ ಒಣಗಿತು. ಎರಡನೆಯದೂ ಒಣಗಿತು. ಮೂರನೆಯದನ್ನು ಕಂಡರೆ ತನ್ನ ಕೈಯನ್ನೇ ಕಡಿದುಕೊಳ್ಳಬೇಕು ಅನ್ನಿಸುತ್ತಿತ್ತು.

"ಬಲಗಡೆ ಅದೆ ಅಂತ ನಂಗೂ ಗೊತ್ತಿತ್ತು ಕಣಪ್ಪ" ಎಂದಳು ಮಂಚಮ್ಮ ಹನ್ನೊಂದನೆಯ ದಿನ. "ಯೇಳ್ಬೇಕು ಅಂದ್ಕಂಡೆ. ನಿಂಗ್ ತಿಳೀದಾ ಅಂತ ಸುಮ್ಕಾದೆ."



ಮಾರನೆಯ ಮಧ್ಯಾಹ್ನ ಅವಳು ಚೀರಿ ಹೊಟ್ಟೆ ಹಿಡಿದುಕೊಂಡಳು. ಮುಖ ಬಿಳಿಚಿಕೊಂಡಿತು. ಗಡ್ಡೆ ಒಡೆದಿತ್ತು. ಡಾಕ್ಟರು ಇನ್ನು ಕಾಯದೆ ಕೊಯ್ದರು, ಗಡ್ಡೆಯನ್ನೂ ತೆಗೆದರು. ರಕ್ತ ನಿಲ್ಲಲಿಲ್ಲ.

ಸಂಜೆ ಹುಚ್ಚೀರಯ್ಯ ಹೆಣದ ಮೇಲಿನ ಬಟ್ಟೆ ಸರಿಸಿ ನೋಡಿದ. ಹೊಲಿಗೆಯ ಪಕ್ಕದಲ್ಲಿ ಮೂರನೆಯ ಬರೆಯೂ ಹಕ್ಕಳೆಗಟ್ಟಿತ್ತು. ಇನ್ನು ಮೂರು ದಿನ ಸಿಕ್ಕಿದ್ದರೆ ಸಾಕಾಗಿತ್ತು.