ಮೊಳೆಯದ ಬೀಜ

ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆಂದು ಕೇಳಿದ್ದೇ ತಡ, ದರ್ಜಿ ಹೆಂಗಸಿಗೆ ಹೊಲಿಗೆ ಯಂತ್ರದ ಮುಂದೆ ಕೂರಲಾಗಲಿಲ್ಲ. ಹಿಂದೊಮ್ಮೆ ಅವರನ್ನು ಸುಳ್ಳುಗಾರ ಎಂದು ಬಾಯಿಗೆ ಬಂದಂತೆ ಬೈದಿದ್ದಳು. ಅವರು ಕಣ್ಣು ಮುಚ್ಚುವ ಮುಂಚೆ ಕ್ಷಮೆ ಕೇಳಿಬಿಡೋಣ ಎಂದು ಅಂಗಡಿ ಮುಚ್ಚಿ ಹೊರಟಳು.

ಆಗ ಅವಳು ಅವರ ಶಿಷ್ಯೆ, ಸಸ್ಯಶಾಸ್ತ್ರ ಓದುತ್ತಿದ್ದವಳು. ಕೆಂಪು ಹೂವಿನ ನೀರುಕಾಯಿ ಮರವನ್ನು, ಅದೇ ಮೊಗ್ಗು ಹಿಚುಕಿದರೆ ನೀರು ಚಿಮ್ಮುತ್ತದಲ್ಲ, ಪರದೇಶದಿಂದ ತರಿಸಿ ಬೀದಿಬೀದಿಗೆ ನೆಡಿಸಿದವರು ಮೇಷ್ಟ್ರು. ಈ ಮಣ್ಣಲ್ಲಿ ಅದರ ಬೀಜ ಮೊಳೆಯುವುದಿಲ್ಲ, ಕಾಡಿಗೆ ನುಗ್ಗುವ ಭಯವಿಲ್ಲ ಎಂದು ಭರವಸೆ ಕೊಟ್ಟವರೂ ಅವರೇ. ಇವಳು ಹಳ್ಳದ ದಂಡೆಯಲ್ಲಿ ಸಸಿ ಕಂಡು, ಮರ ತಾನಾಗಿಯೇ ಹಬ್ಬುತ್ತಿದೆ ಎಂದು ಪ್ರಬಂಧ ಬರೆದಳು. "ಅದು ಸಸಿ ಅಲ್ಲಮ್ಮ, ಬೇರಿಂದ ಎದ್ದ ಚಿಗುರು. ಕಣ್ಣು ಬಿಟ್ಟು ನೋಡು" ಎಂದು ಮೇಷ್ಟ್ರು ಎಲ್ಲರೆದುರು ನಕ್ಕರು. ಪದವಿ ಕೈತಪ್ಪಿತು. ಆಮೇಲೆ ಅವಳು ಮರಗಿಡದ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಬರುಬರುತ್ತಾ ತನ್ನ ಕಣ್ಣೇ ಮೋಸ ಮಾಡಿತೆಂದು ನಂಬಿಯೂ ಬಿಟ್ಟಳು, ಪಾಪ.

ಅಂಗಳದಲ್ಲಿ ಮೇಷ್ಟ್ರ ಹೆಂಡತಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ದರ್ಜಿ ಬುಟ್ಟಿಯಿಂದ ಒಂದನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು, ನೀರುಕಾಯಿಯದೇ. ಚಿಗುರಾಗಿದ್ದರೆ ದೊಡ್ಡ ಬೇರಿಗೆ ಅಂಟಿಕೊಂಡಿರಬೇಕಿತ್ತು. ಇದಕ್ಕೆ ತನ್ನದೇ ನೆಟ್ಟಗಿನ ಬೇರು, ಮೇಲೆ ಬೀಜದಿಂದ ಮೊಳೆತದ್ದಕ್ಕಷ್ಟೇ ಇರುವ, ತುದಿ ಸೀಳಿದ ಎರಡು ಬೀಜದೆಲೆ.

"ಇದನ್ನ ಯಾವಾಗಿಂದ ಕೀಳ್ತಿದ್ದೀರಮ್ಮ?"

"ಮಗಳ ಮದುವೆಗೂ ಮುಂಚಿಂದ. ಒಂದೂ ಯಾರ ಕಣ್ಣಿಗೂ ಬೀಳಬಾರದು ಅಂತ ಅವರ ಹಟ. ನನ್ನ ಸೊಂಟ ಬಿದ್ದೋಯ್ತು."

ಆ ಮದುವೆಯಲ್ಲಿ ಇವಳು ಮನೆಮಗಳಂತೆ ಓಡಾಡಿದ್ದಳು. ಪ್ರಬಂಧದ ಮೊದಲ ಸಾಲನ್ನೂ ಆಗಿನ್ನೂ ಬರೆದಿರಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಒಳಗೆ ಮೇಷ್ಟ್ರೇ ಮೊದಲು ಬಾಯಿ ತೆರೆದರು. "ಬಂದ್ಯಾ? ಹೋಗ್ಲಿ ಬಿಡಮ್ಮ, ಆ ವಯಸ್ಸಲ್ಲಿ ಎಲ್ಲರೂ ದುಡುಕ್ತಾರೆ. ನಾನು ಯಾವತ್ತೋ ಕ್ಷಮಿಸಿದೀನಿ."

ಅವಳು ಸಸಿಯನ್ನು ಅವರ ಅಂಗೈಯಲ್ಲಿಟ್ಟಳು. ಅವರು ಬೇರಿನುದ್ದಕ್ಕೂ ಬೆರಳಾಡಿಸಿದರು, ಬೀಜದೆಲೆ ಮುಟ್ಟಿ ನೋಡಿದರು.

"ಚಿಗುರು" ಎಂದು ಗೋಡೆ ಕಡೆ ಮಗ್ಗುಲಾದರು.

ಹೊರಬಂದವಳು ಅಂಗಳದಲ್ಲಿ ನಿಂತಳು. "ಇನ್ನು ಕೀಳ್ಬೇಡಿ ಅಮ್ಮ. ಬೆಳೀಲಿ, ಜನ ನೋಡ್ಲಿ."

ಅಮ್ಮ ತಲೆಯೆತ್ತಲಿಲ್ಲ. "ನೀನು ಹೇಳಿದ್ದೇ ನಿಜ ಅಂತ ಆಗ್ಲೇ ನಂಗೂ ಗೊತ್ತಿತ್ತು ಕಣಮ್ಮ. ಅವರಿರೋ ತನಕ ಕೀಳ್ತೀನಿ" ಎಂದು ಇನ್ನೊಂದು ಸಸಿಗೆ ಕೈಹಾಕಿದರು.