ಕೋಳಿಯ ಬೆನ್ನು

ಅತ್ತೆ ಮತ್ತೆ ಕತ್ತರಿ ಬಚ್ಚಿಟ್ಟಿದ್ದರು. ಬಚ್ಚಿಡಲು ಅವರಿಗಿರುವುದು ಒಂದೇ ಜಾಗ, ಹೊಲಿಗೆ ಮೆಷಿನ್ನಿನ ಕೆಳಗಿನ ಡ್ರಾಯರು. ಅಲ್ಲಿ ಬಟ್ಟೆಯ ಕತ್ತರಿಗಳ ಮೇಲೆ ಗಿಡದ ಕತ್ತರಿ, ಕರೆಯದೆ ಬಂದ ನೆಂಟನ ಹಾಗೆ, ಕಾಲು ಚಾಚಿ ಮಲಗಿರುತ್ತದೆ. ಅದು ಅಲ್ಲಿದೆಯೆಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವರಿಗೂ ಗೊತ್ತು. ಆದರೂ ತೆಗೆಯುವ ಹಾಗಿಲ್ಲ. ಅತ್ತೆ ದರ್ಜಿ. ಬೆಳಗಿನಿಂದ ಸಂಜೆಯವರೆಗೆ ಆ ಡ್ರಾಯರಿನ ಮುಂದೆಯೇ ಕೂತಿರುತ್ತಾರೆ.

ಅವರು ಕೂತಲ್ಲಿಂದ ಬಾಗಿಲಾಚೆ ತಾರಸಿ ಕಾಣುತ್ತದೆ. ತಾರಸಿಯ ಗೋಡೆಗೆ ಒತ್ತಿಕೊಂಡು ಒಂದು ಸಿಮೆಂಟ್ ತೊಟ್ಟಿ. ತೊಟ್ಟಿಯಲ್ಲಿ ನನ್ನ ಗಂಡ ಬೆಳೆಸಿದ ಕೋಳಿ.

ಬಾಕ್ಸ್‌ವುಡ್ ಎಂಬ ಗಿಡ. ಉಗುರಿಗಿಂತ ಸಣ್ಣ ಎಲೆ. ಒತ್ತೊತ್ತಾಗಿ, ತುಂಬ ನಿಧಾನವಾಗಿ ಬೆಳೆಯುತ್ತದೆ. ಹೇಗೆ ಕತ್ತರಿಸಿದರೆ ಹಾಗೆ ನಿಲ್ಲುತ್ತದೆ. ನನ್ನ ಗಂಡ ಎಂಜಿನಿಯರೊಬ್ಬರ ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸುತ್ತಿದ್ದ. ನೇರ ಗೆರೆ ಎಳೆದೂ ಎಳೆದೂ ಕೈ ಜಡ್ಡುಗಟ್ಟಿದೆ ಎಂದು ಇದನ್ನು ಶುರುಮಾಡಿದ. "ಗಿಡ ಕತ್ತರಿಸಿ ಆಕಾರ ಕೊಡೋದಕ್ಕೆ ಟೋಪಿಯರಿ ಅಂತಾರೆ" ಎಂದಾಗ ಅತ್ತೆ, "ಈಗ ಯಾರಿಗೆ ಟೋಪಿ ಹಾಕೋಕೋ?" ಎಂದಿದ್ದರು. ಕೆಲವು ವರ್ಷಗಳಲ್ಲಿ ಕಾವಿಗೆ ಕೂತ ಕೋಳಿಯ ಎದೆ, ಬೆನ್ನು, ಮೇಲೆದ್ದ ಬಾಲ ಮೂಡಿದವು. ತಲೆ ಇನ್ನೂ ಬಂದಿರಲಿಲ್ಲ. ತಲೆಯಾಗಬೇಕಾದ ಚಿಗುರುಗಳನ್ನು ತಂತಿಗೆ ಕಟ್ಟಿ ಬಿಟ್ಟಿದ್ದ.

ಹೋದ ವರ್ಷ, ಚಳಿ ಮುಗಿಯುವ ಹೊತ್ತಿಗೆ, ಅವನು ಸತ್ತ. ಆ ವಾರವೇ ಕೋಳಿಗೆ ಕತ್ತರಿ ಆಡಿಸಿದ್ದ. ಆಮೇಲೆ ಯಾರೂ ಆಡಿಸಿರಲಿಲ್ಲ.

ಅತ್ತೆಯ ಮುಂದೆ ನಾನು ಅವನನ್ನು "ಅವರು" ಎನ್ನುತ್ತೇನೆ. ಮೊದಲಿನಿಂದಲೂ ಹಾಗೆಯೇ. ಈಗ ಬದಲಾಯಿಸಲು ಕಾರಣವಿಲ್ಲ.

"ಅವರು ಮಾಡಿದ್ದು ಉಳೀಬೇಕು ಅಂದ್ರೆ ಕತ್ತರಿಸ್ಲೇಬೇಕು ಅತ್ತೆ. ಹೊರಗಡೆ ದಟ್ಟ ಆದಷ್ಟೂ ಒಳಗೆ ಬೆಳಕು ಹೋಗಲ್ಲ. ಎಲೆ ಉದುರತ್ತೆ. ಆಮೇಲೆ ಹಳೇ ಗೆರೆವರೆಗೂ ಕತ್ತರಿಸಿದ್ರೆ ಸಿಗೋದು ಬರೀ ಕಡ್ಡಿ."

"ಎಮ್ಮೆಸ್ಸಿ ಓದಿದವಳು ನೀನು. ಮಾತಲ್ಲಿ ನಿನ್ನ ಗೆಲ್ಲೋಕೆ ನನ್ನ ಕೈಲಾಗಲ್ಲ." ಅತ್ತೆ ದಾರವನ್ನು ಹಲ್ಲಿನಿಂದ ಕಡಿದರು. "ಅವನ ಕೈ ಆಡಿದ ಜಾಗ ಅದು. ಮುಟ್ಟಬೇಡ, ಅಷ್ಟೆ."

"ಮುಟ್ಟದೆ ಇದ್ರೇನೇ ಹೋಗ್ತಿದೆ."

"ಹೋದ್ರೆ ಹೋಗ್ಲಿ. ನಿನ್ನ ಕೈಯಿಂದ ಹೋಗೋದು ಬೇಡ."



ತೊಟ್ಟಿಯನ್ನು ತಿರುಗಿಸಲೂ ಬಿಡಲಿಲ್ಲ. ಅವನು ಹಳೆಯ ಆಫೀಸ್ ಕುರ್ಚಿಯ ಗಾಲಿಗಳನ್ನು ಹಲಗೆಗೆ ಜೋಡಿಸಿ ಅದರ ಮೇಲೆ ತೊಟ್ಟಿ ಕೂರಿಸಿದ್ದ. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಿದ್ದ, ಎಲ್ಲ ಕಡೆಗೂ ಬಿಸಿಲು ಬೀಳಲಿ ಎಂದು. ಅವನು ಹೋದ ಮೇಲೆ ಕೋಳಿಯ ಎದೆ ಬಾಗಿಲ ಕಡೆಗೇ ಇರಬೇಕೆಂದು ಅತ್ತೆ ಹಟ ಹಿಡಿದರು. ಹೊಲಿಯುತ್ತಾ ತಲೆಯೆತ್ತಿದರೆ ಅದು ಕಾಣಬೇಕು. ಶುರುವಿನಲ್ಲೇ ಒಂದು ಸಲ ನಾನು ತಿರುಗಿಸಿದ್ದಕ್ಕೆ ಇಡೀ ದಿನ ಮಾತು ಬಿಟ್ಟರು. ಮರುದಿನ ನೋಡಿದರೆ ತೊಟ್ಟಿ ಮೊದಲಿನ ಹಾಗೆ ನಿಂತಿತ್ತು, ಗಾಲಿಗಳ ಸಂದಿಗೆ ಇಟ್ಟಿಗೆಯ ಚೂರು ತುರುಕಿತ್ತು. ಅಷ್ಟು ಭಾರ ಅವರೊಬ್ಬರೇ ಹೇಗೆ ತಳ್ಳಿದರೋ.

ನೀರಿನದೂ ಅದೇ ಕಥೆ. ಮೇಲಿನ ಮಣ್ಣು ಒಣಗಿದೆಯೇ ಎಂದು ಬೆರಳಿಟ್ಟು ನೋಡಿ ಹಾಕಬೇಕು. ನಾನು ನೋಡಿದಾಗಲೆಲ್ಲ ಮಣ್ಣು ಕೆಸರು. "ನೀವು ಹಾಕಿದ್ರಾ?" ಎಂದರೆ, "ಒಂದು ಚೊಂಬು. ಬಾಯಾರಲ್ವಾ ಅದಕ್ಕೆ?" ಎನ್ನುತ್ತಿದ್ದರು.

ಒಂದು ಭಾನುವಾರ ಮೈದುನ ಬಂದ. ಬಸ್ ಓಡಿಸುತ್ತಾನೆ, ಊರಿನ ಇನ್ನೊಂದು ತುದಿಯಲ್ಲಿ ಮನೆ. ತಾರಸಿಯಲ್ಲಿ ನಿಂತು ತಲೆ ಓರೆ ಮಾಡಿದ.

"ಅತ್ತಿಗೆ, ಇದು ಕೋಳಿ ಅಂತ ಯಾರಾದ್ರೂ ಹೇಳ್ತಾರಾ? ಕರಡಿ ಆಗಿದೆ. ಇನ್ನೊಂದು ವರ್ಷ ಬಿಟ್ರೆ ಲಾರಿ."

"ನಿಮ್ಮಮ್ಮನಿಗೆ ಹೇಳಿ."

"ಅಯ್ಯೋ, ನಾನು ಊಟ ಮಾಡಿ ಹೋಗೋಣ ಅಂತ ಬಂದವನು." ದನಿ ತಗ್ಗಿಸಿದ. "ಫೋಟೋ ಇದ್ರೆ ಅಮ್ಮನಿಗೆ ತೋರ್ಸಿ. ನೋಡಿ, ಹೀಗಿತ್ತು, ಹೀಗೇ ಮಾಡ್ತೀವಿ ಅಂದ್ರೆ ಒಪ್ಕೋಬಹುದು."

ಅದು ಕೆಲಸಕ್ಕೆ ಬರುವ ಮಾತು ಎನಿಸಿತು. ಫೋನಿನಲ್ಲಿ ಹುಡುಕಲು ಕೂತೆ. ಫೋಟೋಗಳೇನೋ ಬೇಕಾದಷ್ಟಿದ್ದವು. ಎಲ್ಲದರಲ್ಲೂ ನನ್ನ ಗಂಡನೇ. ಕೋಳಿಯ ಮುಂದೆ ಕೈಕಟ್ಟಿ ನಿಂತಿದ್ದಾನೆ, ಕತ್ತರಿ ಹಿಡಿದು ನಗುತ್ತಿದ್ದಾನೆ, ತೊಟ್ಟಿಯ ಅಂಚಿನ ಮೇಲೆ ಕೂತಿದ್ದಾನೆ. ಒಂದರಲ್ಲಿ ಅವನ ಭುಜದ ಮೇಲೆ ಬಾಲದ ತುದಿ. ಇನ್ನೊಂದರಲ್ಲಿ ಕಿವಿಯ ಪಕ್ಕ ಒಂಚೂರು ಬೆನ್ನು. ಸ್ವಲ್ಪ ಸರಿಯಬಾರದೇ ಎಂದು ಸಿಟ್ಟು ಬಂತು. ಫೋಟೋ ದೊಡ್ಡದು ಮಾಡಿ ಅವನ ಮುಖವನ್ನು ಪರದೆಯ ಆಚೆಗೆ ತಳ್ಳಿ ತಳ್ಳಿ ಗಿಡ ಹುಡುಕುತ್ತಿದ್ದೇನೆಂದು ನನಗೆ ಹೊಳೆದದ್ದು ಆಮೇಲೆ. ಹೊಳೆದ ಮೇಲೂ ಹುಡುಕಿದೆ.

"ಸಿಕ್ತಾ?" ಎಂದ ಮೈದುನ.

"ಇಲ್ಲ. ಅಡ್ಡ ನಿಂತಿದ್ದಾರೆ."

ಅವನು ಚಪ್ಪಲಿ ಹಾಕಿಕೊಂಡು ಹೋದ.

ಮೋಡ ಮುಸುಕಿದ ದಿನ ಕತ್ತರಿಸಬೇಕು. ಬಿಸಿಲಿಗೆ ಕತ್ತರಿಸಿದರೆ ಎಲೆಯಂಚು ಸುಟ್ಟಂತಾಗುತ್ತದೆ. ಕಳೆದ ಗುರುವಾರ ಅಂಥ ಮೋಡ ಬಂತು. ಕಾಲೇಜಿನಲ್ಲಿ ನಾನು ಪಾಠ ಮಾಡಬೇಕಿದ್ದದ್ದು ಮಧ್ಯಾಹ್ನ. ಅತ್ತೆ ಒಳಗೆ ಒಬ್ಬ ಹೆಂಗಸಿನ ರವಿಕೆಗೆ ಅಳತೆ ತೆಗೆದುಕೊಳ್ಳುತ್ತಿದ್ದರು. ಕತ್ತರಿ ಸಿಗುವ ಹಾಗಿರಲಿಲ್ಲ. ತಿರುಗಿಸುವುದಾದರೂ ತಿರುಗಿಸೋಣ ಎಂದು ಮಂಡಿಯೂರಿ ಇಟ್ಟಿಗೆ ಚೂರುಗಳನ್ನು ಕಿತ್ತೆ. ಭುಜ ಕೊಟ್ಟು ನೂಕಿದೆ. ತುಕ್ಕು ಹಿಡಿದ ಗಾಲಿ ಕಿರ್ರೆಂದಿತು.

"ಏನದು ಸದ್ದು?" ಒಳಗಿನಿಂದ ಅತ್ತೆ. "ಏಯ್, ಬಿಡು ಅದನ್ನ!"

ಬಿಡಲಿಲ್ಲ. ತೊಟ್ಟಿ ಪೂರ್ತಿ ತಿರುಗಿತು.

ಕೋಳಿಗೆ ಬೆನ್ನೇ ಇರಲಿಲ್ಲ. ಗೋಡೆಯ ಕಡೆ ಇದ್ದದ್ದು ಬೋಳು ಕಡ್ಡಿಗಳ ಗೂಡು, ಮೇಲಿನಿಂದ ಕೆಳಗಿನವರೆಗೆ ಕಂದು. ಅದರೊಳಗೆ ಉದುರಿದ ಎಲೆ ತುಂಬಿ ಒದ್ದೆಯಾಗಿ ಕೊಳೆಯುತ್ತಿತ್ತು. ಬಾಗಿಲಿನಿಂದ ಕಾಣುತ್ತಿದ್ದ ಹಸಿರು ಒಂದು ಗೇಣು ದಪ್ಪದ ಚಿಪ್ಪು ಮಾತ್ರ.

ಅತ್ತೆ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಓಡಿ ಬಂದರು. ಬೈಯಲು ಬಾಯಿ ತೆರೆದವರು ನಿಂತುಬಿಟ್ಟರು. ಹತ್ತಿರ ಬಂದು, ಕೋಟಿನ ಲೈನಿಂಗ್ ನೋಡುವವರ ಹಾಗೆ, ಕಡ್ಡಿಗಳ ಒಳಗೆ ಕೈ ಹಾಕಿದರು.

"ಯಾವಾಗಿಂದ ಹೀಗಿದೆ?"

"ನೀವು ತಿರುಗಿಸೋಕೆ ಬಿಡದೆ ಇದ್ದಾಗಿಂದ."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲ ಅತ್ತೆ!"

"ಕತ್ತರಿಸ್ಬೇಕು ಅಂದೆ. ಹೀಗಾಗತ್ತೆ ಅಂತ ಹೇಳಲಿಲ್ಲ."

ಹೀಗಾಗತ್ತೆ ಎಂದೂ ಹೇಳಿದ್ದೆ. ನಾನಾ ವಿಧವಾಗಿ ಹೇಳಿದ್ದೆ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಎನಿಸಿತು. ಬದಲಿಗೆ ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದೆ. ಒಳಗೆ ಹಸಿರಿತ್ತು.

"ಜೀವ ಇದೆ" ಎಂದೆ. "ಆದ್ರೆ ಕೋಳಿ ಉಳಿಯಲ್ಲ. ಪೂರ್ತಿ ತಗ್ಗಿಸಿ ಕತ್ತರಿಸ್ಬೇಕು. ಹೊಸ ಚಿಗುರು ಬುಡದ ಹತ್ತಿರದಿಂದ ಬರ್ಬೇಕು."

"ಬಾಲ?"

"ಇಲ್ಲ."

"ಎದೆ ಚೆನ್ನಾಗಿದೆಯಲ್ಲ. ಎದೆ ಬಿಡು."

"ಎದೆ ಒಂದೇ ಇಟ್ಕೊಂಡು ಏನ್ಮಾಡ್ತೀರಿ ಅತ್ತೆ?"

ಒಳಗಿನಿಂದ ಆ ಹೆಂಗಸು, "ನಾನು ಇನ್ನೊಂದಿನ ಬರ್ಲಾ ಅಕ್ಕಾ?" ಎಂದು ಕೂಗಿದಳು. "ಹೂಂ, ನಾಳೆ ಬಾ" ಎಂದರು ಅತ್ತೆ, ಗಿಡದಿಂದ ಕಣ್ಣು ತೆಗೆಯದೆ. ಆಮೇಲೆ ಒಳಗೆ ಹೋದರು. ಡ್ರಾಯರು ಎಳೆದ ಸದ್ದು ಕೇಳಿತು. ಕತ್ತರಿ ತಂದು ನನ್ನ ಮುಂದೆ ಹಿಡಿದರು. ಅದರ ಅಲಗಿಗೆ ಮೆಷಿನ್ ಎಣ್ಣೆ ಸವರಿತ್ತು, ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಸ್ಪಿರಿಟ್ಟಿನಿಂದ ಒರೆಸಿ ಶುರುಮಾಡಿದೆ.

ಬಾಲ ಹೋಯಿತು. ಅತ್ತೆ ಅದನ್ನು ಬೀಳಲು ಬಿಡದೆ ಕೈಯಲ್ಲಿ ಹಿಡಿದು ಪಕ್ಕಕ್ಕಿಟ್ಟರು. ತಂತಿಗೆ ಕಟ್ಟಿದ ಚಿಗುರುಗಳಿಗೆ ಬಂದಾಗ ನನ್ನ ಕೈ ನಿಂತಿತು. ಅವನು ಹಾಕಿದ ಗಂಟು ಬಿಗಿಯಾಗಿಯೇ ಇತ್ತು. ಬಿಚ್ಚಲು ನೋಡಿದೆ, ಆಗಲಿಲ್ಲ. ಗಂಟಿನ ಕೆಳಗೆ ಕತ್ತರಿಸಿದೆ. ನನಗೆ ಏನೋ ಆಗುತ್ತದೆಂದು ಕಾದೆ. ಏನೂ ಆಗಲಿಲ್ಲ. ಬಾಕ್ಸ್‌ವುಡ್‌ನ ಬೆಕ್ಕಿನ ಉಚ್ಚೆಯಂಥ ವಾಸನೆ ಮಾತ್ರ ಮೂಗಿಗೆ ಬಡಿಯಿತು.

ಕಡ್ಡಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಬ್ಬರು ಬಗ್ಗಿಸಿ ಹಿಡಿಯದೆ ಕತ್ತರಿ ಒಳಗೆ ಹೋಗುತ್ತಿರಲಿಲ್ಲ. ಅತ್ತೆ ಸೆರಗು ಸಿಕ್ಕಿಸಿ ಎದುರಿಗೆ ಕೂತರು.

"ಮತ್ತೆ ಏನಾದ್ರೂ ಆಕಾರ ಬರೋಕೆ ಎಷ್ಟು ವರ್ಷ ಬೇಕು?"

"ನಾಲ್ಕೈದು. ಇನ್ನೂ ಜಾಸ್ತಿನೂ ಆಗಬಹುದು."

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು.

"ಅಷ್ಟು ದಿನ ನೀನು ಇಲ್ಲೇ ಇರ್ತೀಯಾ?"

ಇದನ್ನು ಅವರು ಈವರೆಗೆ ಕೇಳಿರಲಿಲ್ಲ. ನನ್ನ ತವರಿನಿಂದ ಫೋನು ಬಂದಾಗಲೆಲ್ಲ ಮೆಷಿನ್ ನಿಲ್ಲಿಸಿ ಕಿವಿಗೊಡುತ್ತಿದ್ದರು, ಬಾಯಿಬಿಟ್ಟು ಕೇಳುತ್ತಿರಲಿಲ್ಲ.

"ಅತ್ತೆ, ಆ ಕೊಂಬೆ ಹಿಡ್ಕೊಳ್ಳಿ."

ಹಿಡಿದರು.

"ಅದಲ್ಲ. ಅದರ ಪಕ್ಕದ್ದು."

"ಇದಾ?"

"ಅಲ್ಲ ಅತ್ತೆ, ಇನ್ನೂ ಕೆಳಗಡೆದು."

"ನೆಟ್ಟಗೆ ಹೇಳೋಕೇನು ರೋಗ ನಿಂಗೆ?" ಎಂದು ಗದರಿ, ಎರಡು ಕೈಯಲ್ಲೂ ಸಿಕ್ಕಷ್ಟು ಕೊಂಬೆಗಳನ್ನು ಒಟ್ಟಿಗೆ ಬಾಚಿ ಹಿಡಿದರು. ಈಗ ಕತ್ತರಿ ಆಡಿಸಲು ಜಾಗವೇ ಉಳಿಯಲಿಲ್ಲ.